ಕ್ಲೇ ಹೊಡೆಯಲು ಯಾವ ಬಂದೂಕು? ಜೋಡುನಳಿಗೆ, ಓವರ್-ಅಂಡರ್, ಪಂಪು ಮತ್ತು ತಾತನ ಕೋವಿ

ಮಧುಗಿರಿ, ಶಿರಾ, ಪಾವಗಡದ ಕಡೆ ಬಂದೂಕಿನ ಮಾತು ಬಂದರೆ ಸಾಮಾನ್ಯವಾಗಿ ಒಂದೇ ಪ್ರಶ್ನೆ ಏಳುತ್ತದೆ. ‘ಹಕ್ಕಿಗೂ ಆಗಬೇಕು, ಕ್ಲೇ ಶೂಟಿಂಗಿಗೂ ಆಗಬೇಕು, ಯಾವುದು ತಗೊಳ್ಳೋದು?’ ಚಿಂತಾಮಣಿಯಲ್ಲೂ ಮುಳಬಾಗಿಲಿನಲ್ಲೂ ಇದನ್ನೇ ಕೇಳುತ್ತಾರೆ. ಕ್ಲೇ ಅಂದರೆ ಯಂತ್ರ ಗಾಳಿಗೆ ಎಸೆಯುವ ಬಿಲ್ಲೆಯನ್ನು ಹೊಡೆಯುವ ಆಟ.

ಮೊದಲ ಅರ್ಧಕ್ಕೆ ಉತ್ತರ ಚಿಕ್ಕದು. ಹಕ್ಕಿಗೆ ಯಾವ ಬಂದೂಕೂ ಬೇಡ. ನಮ್ಮ ತಾತಂದಿರು ಕೌಜುಗ, ಬುರ್ಲಿ ಹೊಡೆದ ಕಥೆ ಹೇಳುತ್ತಾರಲ್ಲ, ಅದು ಸುಳ್ಳಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಕೆಲವು ಕಾಲ ಬೇಟೆಗೆ ಲೈಸೆನ್ಸು ಸಿಗುತ್ತಿತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಕಾಗೆ, ಇಲಿಗಳನ್ನು ಪೀಡೆ ಅಂತ ಹಾಕಿದ್ದ ಬೇರೆ ಪಟ್ಟಿಯೊಂದಿತ್ತು. 2022ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಈಗ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಕೆಲವೊಮ್ಮೆ ಎರಡೂ. ನವಿಲಿನಂಥ ಮೊದಲ ಪಟ್ಟಿಯ ಹಕ್ಕಿಯಾದರೆ ಕಡಿಮೆ ಅಂದರೂ ಮೂರು ವರ್ಷ, ಜಾಸ್ತಿ ಅಂದರೆ ಏಳು. ‘ಏರ್ ಗನ್ನಿಗೆ ಲೈಸೆನ್ಸೇ ಬೇಡ, ಅದರಲ್ಲಿ ಹೊಡೆದರೆ ಏನು?’ ಅನ್ನುವವರಿದ್ದಾರೆ. 4.5 ಮಿಲಿಮೀಟರ್ ಬೋರಿನ, 20 ಜೂಲ್‌ಗಿಂತ ಕಡಿಮೆ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸು ಬೇಡ, ಅದು ನಿಜ. ಆದರೆ ಕಾಯ್ದೆ ನೋಡುವುದು ಹಕ್ಕಿಯ ಬೇಟೆಗೆ ಇಳಿದಿರಾ ಅಂತ. ಯಾವುದರಲ್ಲಿ ಹೊಡೆದಿರಿ ಅಂತ ಅಲ್ಲ.

ಬೆಳೆ ಕಾಯುವವರ ಕಷ್ಟ ಬೇರೆ, ಅದನ್ನು ತಳ್ಳಿಹಾಕುವ ಹಾಗಿಲ್ಲ. ಕಡಲೆಕಾಯಿ ಹೊಲಕ್ಕೆ ಹಂದಿ ಒಂದು ರಾತ್ರಿ ನುಗ್ಗಿದರೆ ಸಾಲುಗಟ್ಟಲೆ ಉತ್ತು ಹಾಕಿ ಹೋಗುತ್ತದೆ. ಅದಕ್ಕೆಂದೇ ಬೆಳೆ ರಕ್ಷಣೆಯ ಲೈಸೆನ್ಸು ಕೊಡುತ್ತಾರೆ. ಆದರೆ ಆ ಲೈಸೆನ್ಸು ಬಂದೂಕು ಇಟ್ಟುಕೊಳ್ಳುವುದಕ್ಕೆ ಮಾತ್ರ. ಹಂದಿ ಹೊಡೆಯಲು ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು, ವನ್ಯಜೀವಿ ಕಾಯ್ದೆಯ 11ನೇ ಕಲಮಿನ ಪ್ರಕಾರ. ಇವೆರಡೂ ಒಂದೇ ಅಂದುಕೊಂಡು ಕೇಸು ಹಾಕಿಸಿಕೊಂಡವರು ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತಾರೆ. ಚಿಕ್ಕಬಳ್ಳಾಪುರದ ದ್ರಾಕ್ಷಿಗೆ ಹಕ್ಕಿ ಕಾಟ ಅಂದರೆ ಬಲೆ ಹಾಕಬೇಕು, ಅಷ್ಟೇ.

ಹಾಗಾಗಿ ಉಳಿಯುವುದು ಕ್ಲೇ. ಹಾರುವುದನ್ನು ಹೊಡೆಯುವ ಖುಷಿ ಇದರಲ್ಲೂ ಇದೆ, ಲೆಕ್ಕಕ್ಕೆ ಸಿಗುವ ಆಟ ಬೇರೆ. ಇನ್ನು ಮುಂದಿನ ಹೋಲಿಕೆಯೆಲ್ಲ ಇದಕ್ಕೇ. ಜೊತೆಗೆ ಮನೆಯಲ್ಲಿ ಬೆಳೆ ರಕ್ಷಣೆಯ ಬಂದೂಕೋ ತಾತನ ಕೋವಿಯೋ ಇರುವವರು ಅದನ್ನೇ ಶೂಟಿಂಗ್ ರೇಂಜಿಗೆ ಒಯ್ಯಬಹುದಾ ಅನ್ನುವುದನ್ನೂ ನೋಡೋಣ.

ಟ್ರ್ಯಾಪಾ, ಸ್ಕೀಟಾ? ಮೊದಲು ಅದು

ಬಂದೂಕಿನ ಅಂಗಡಿಗೆ ಹೋಗುವ ಮೊದಲು ಆಟ ಯಾವುದು ಅಂತ ಗೊತ್ತಾಗಬೇಕು. ಎರಡರಲ್ಲೂ ಹೊಡೆಯುವುದು ಅದೇ ಬಿಲ್ಲೆ. 110 ಮಿಲಿಮೀಟರ್ ಅಗಲ, 105 ಗ್ರಾಂ ತೂಕ. ಆದರೆ ಅದು ಹಾರುವ ರೀತಿ ಪೂರಾ ಬೇರೆ.

ಟ್ರ್ಯಾಪಿನಲ್ಲಿ ಬಿಲ್ಲೆ ನಿಮ್ಮಿಂದ ದೂರ ಓಡುತ್ತದೆ. ಯಂತ್ರಗಳು ಮುಂದೆ 15 ಮೀಟರ್ ದೂರದ ಗುಂಡಿಯಲ್ಲಿ ಇರುತ್ತವೆ. ನೀವು ಕೂಗಿದ ತಕ್ಷಣ ಬಿಲ್ಲೆ ಎಡಕ್ಕೋ ಬಲಕ್ಕೋ ನೆಟ್ಟಗೋ ಮೇಲೇರುತ್ತಾ ಹೋಗುತ್ತದೆ. ಬಂದೂಕನ್ನು ಮೊದಲೇ ಭುಜಕ್ಕೆ ಕೊಟ್ಟು ನಿಲ್ಲಬಹುದು. ಒಲಿಂಪಿಕ್ ಟ್ರ್ಯಾಪಿನ ಮೊದಲ ಸುತ್ತುಗಳಲ್ಲಿ ಒಂದು ಬಿಲ್ಲೆಗೆ ಎರಡು ಈಡು. ಮೊದಲನೆಯದು ಬೀಳುವ ಹೊತ್ತಿಗೆ ಬಿಲ್ಲೆ 30 ಮೀಟರ್ ದಾಟಿರುತ್ತದೆ.

ಸ್ಕೀಟಿನಲ್ಲಿ ಬಿಲ್ಲೆ ನಿಮ್ಮ ಮುಂದೆ ಅಡ್ಡ ಹಾಯುತ್ತದೆ. ಎರಡು ಕಡೆ ಎರಡು ಗೂಡು. ಒಂದು ಎತ್ತರದ್ದು, ಒಂದು ತಗ್ಗಿನದು. ಎಂಟು ಜಾಗದಲ್ಲಿ ನಿಂತು ಹೊಡೆಯಬೇಕು. ಒಲಿಂಪಿಕ್ ಸ್ಕೀಟಿನಲ್ಲಿ ಬಂದೂಕಿನ ಹಿಂಬದಿ ಸೊಂಟದ ಮಟ್ಟದಲ್ಲಿರಬೇಕು. ಕೂಗಿದ ಮೇಲೆ ಮೂರು ಸೆಕೆಂಡಿನ ಒಳಗೆ ಯಾವಾಗ ಬೇಕಾದರೂ ಬಿಲ್ಲೆ ಬರಬಹುದು. ಅದು ಕಂಡ ಮೇಲೆಯೇ ಬಂದೂಕು ಎತ್ತಬೇಕು. ಒಂದು ಬಿಲ್ಲೆಗೆ ಒಂದೇ ಈಡು, ದೂರ ಸುಮಾರು 20 ಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹೇಶ್ವರಿ ಚೌಹಾಣ್ ಮತ್ತು ಅನಂತಜೀತ್ ಸಿಂಗ್ ನರೂಕಾ ಜೋಡಿ ಒಂದೇ ಒಂದು ಅಂಕಕ್ಕೆ ಕಂಚು ಕಳೆದುಕೊಂಡಿತಲ್ಲ, ಅದು ಈ ಸ್ಕೀಟ್. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪಿನಲ್ಲಿ. ಆ ಸ್ಪರ್ಧೆ ಈಗ ಒಲಿಂಪಿಕ್ಸ್‌ನಲ್ಲಿ ಇಲ್ಲ.

ಇದನ್ನು ಇಷ್ಟು ಉದ್ದ ಹೇಳಿದ್ದಕ್ಕೆ ಕಾರಣವಿದೆ. ದೂರ ಓಡುವ ಬಿಲ್ಲೆಗೂ ಅಡ್ಡ ಹಾಯುವ ಬಿಲ್ಲೆಗೂ ಬೇಕಾದ ನಳಿಗೆ, ಚೋಕು (ನಳಿಗೆಯ ಬಾಯಿಯ ಬಿಗಿ), ಹಿಂಬದಿಯ ಮರ ಎಲ್ಲ ಬೇರೆ. ಇನ್ನೂ ತೀರ್ಮಾನ ಆಗಿಲ್ಲ ಅನ್ನುವವರು ಎರಡೂ ಆಡಿ ನೋಡುವ ತನಕ ಕೊಳ್ಳಬಾರದು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ರೈಫಲ್ ಅಸೋಸಿಯೇಷನ್ ಇದೆ. ಶಾಟ್‌ಗನ್ ಅಭ್ಯಾಸಕ್ಕೆ ಎಲ್ಲಿ ಹೋಗಬೇಕು, ಹೊಸಬರಿಗೆ ಕ್ಲಬ್ಬಿನ ಬಂದೂಕು ಸಿಗುತ್ತದಾ ಅಂತ ಅಲ್ಲಿ ಕೇಳಿ ಶುರು ಮಾಡಿ.

ಬೋರು: 12, ಮುಗೀತು

ಇದರಲ್ಲಿ ಚರ್ಚೆ ಬೇಡ. 12 ಬೋರ್ ಅಂದರೆ ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಆ ಅಗಲದ 12 ಸೀಸದ ಗುಂಡು ಸೇರಿದರೆ ಒಂದು ಪೌಂಡು, ಅದಕ್ಕೇ ಆ ನಂಬರು. 20 ಬೋರ್ ಅದಕ್ಕಿಂತ ಸಣ್ಣದು, ಹಗುರ, ಚೆಂದ. ಆದರೆ ನಮ್ಮಲ್ಲಿ ಅಂಗಡಿಗೆ ಹೋಗಿ ತೋಟೆ ಕೇಳಿದರೆ ಗ್ಯಾರಂಟಿ ಸಿಗುವುದು 12ರದು. 16 ಬೋರಿನ ಹಳೇ ಇಂಗ್ಲಿಷ್ ಕೋವಿಗಳು ಕೆಲವು ಮನೆಗಳಲ್ಲಿವೆ. ಅವುಗಳ ತೋಟೆ ಹುಡುಕುವುದರಲ್ಲೇ ವರ್ಷ ಕಳೆಯುತ್ತದೆ.

ಪಕ್ಕಪಕ್ಕದ ಜೋಡುನಳಿಗೆಯಾ, ಮೇಲೆ-ಕೆಳಗಿನದಾ?

ನಿಜವಾದ ಆಯ್ಕೆ ಇರುವುದು ಇಲ್ಲಿ.

ನಮ್ಮೂರ ಕಡೆ ಜೋಡುನಳಿಗೆ ಅಂದರೆ ಪಕ್ಕಪಕ್ಕದ್ದೇ. ಬಿಹಾರದ ಮುಂಗೇರ್, ಜಮ್ಮುವಿನ ಕಾರ್ಖಾನೆಗಳಿಂದ ಬಂದದ್ದು, ಅಥವಾ ಬ್ರಿಟಿಷರ ಕಾಲದ್ದು. ಅದು ಹಗುರ, ಮೂರು ಕಿಲೋ ಆಸುಪಾಸು. ಹೊಲದಲ್ಲಿ ದಿನವಿಡೀ ಹೊತ್ತು ತಿರುಗುವವನಿಗೆ ಆ ತೂಕ ಸರಿ. ಗುರಿ ನೋಡುವಾಗ ಎರಡು ನಳಿಗೆಯ ಅಗಲವಾದ ಬಯಲು ಕಣ್ಣ ಮುಂದೆ ಇರುತ್ತದೆ. ಹತ್ತಿರದಿಂದ ಥಟ್ಟನೆ ಏಳುವುದಕ್ಕೆ ಅದು ಅನುಕೂಲವೇ. ಎರಡು ನಳಿಗೆಗೆ ಎರಡು ಟ್ರಿಗರ್ ಇರುವುದು ಸಾಮಾನ್ಯ.

ಓವರ್-ಅಂಡರ್ ಅಂದರೆ ಒಂದರ ಮೇಲೊಂದು ನಳಿಗೆ. ಕಣ್ಣಿಗೆ ಕಾಣುವುದು ಒಂದೇ ಸಣ್ಣ ಪಟ್ಟಿ. 30 ಮೀಟರ್ ಆಚೆ ಓಡುತ್ತಿರುವ ಅಂಗೈಯಗಲದ ಬಿಲ್ಲೆಗೆ ಆ ಸಣ್ಣ ಪಟ್ಟಿ ಬಹಳ ಸಹಾಯ. ಇನ್ನೊಂದು ಲಾಭ ಭುಜಕ್ಕೆ. ಮೊದಲ ಈಡು ಕೆಳಗಿನ ನಳಿಗೆಯಿಂದ ಹೋಗುತ್ತದೆ. ಆ ನಳಿಗೆ ಭುಜಕ್ಕೆ ಹೆಚ್ಚು ಕಡಿಮೆ ನೇರವಾಗಿರುತ್ತದೆ. ಒದೆತ ಹಿಂದಕ್ಕೆ ಬರುತ್ತದೆ, ಬಾಯಿ ಮೇಲಕ್ಕೆ ನೆಗೆಯುವುದು ಕಡಿಮೆ. ಹಾಗಾಗಿ ಎರಡನೇ ಈಡಿಗೆ ಬಿಲ್ಲೆ ಕಣ್ಣಿನಿಂದ ತಪ್ಪುವುದಿಲ್ಲ. ಟ್ರ್ಯಾಪಿನಲ್ಲಿ ಆ ಎರಡನೇ ಈಡೇ ಅಂಕ ಉಳಿಸುವುದು. ಟ್ರಿಗರ್ ಒಂದೇ ಆದ್ದರಿಂದ ಬೆರಳು ಜಾಗ ಬದಲಿಸಬೇಕಿಲ್ಲ.

ತೂಕ ಜಾಸ್ತಿ, ಮೂರೂವರೆ ಕಿಲೋ ಮೇಲೆ. ‘ಹಗುರ ಇದ್ದರೆ ಭುಜಕ್ಕೆ ಸುಖ’ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಉಲ್ಟಾ. ಅದೇ ತೋಟೆಯನ್ನು ಹಗುರ ಬಂದೂಕಿನಲ್ಲಿ ಹಾಕಿದರೆ ಒದೆತ ಜಾಸ್ತಿ. ಒಂದು ಸುತ್ತಿಗೆ 25 ಬಿಲ್ಲೆ. ಟ್ರ್ಯಾಪ್ ಅರ್ಹತಾ ಸುತ್ತು ಪೂರ್ತಿ ಆಡಿದರೆ 125. ಸಂಜೆ ಹೊತ್ತಿಗೆ ಹಗುರ ಕೋವಿಯವನ ಕೆನ್ನೆ ಮತ್ತು ಭುಜ ತಾವೇ ಉತ್ತರ ಹೇಳುತ್ತವೆ.

ಬೆಲೆಯಲ್ಲಿ ಓವರ್-ಅಂಡರ್ ಬಹಳ ದುಬಾರಿ, ಇದನ್ನು ಮುಚ್ಚಿಡುವುದು ಬೇಡ. ಇಟಲಿಯ ಬ್ರೆಷಾ ಪ್ರಾಂತ್ಯದ ಬೆರೆಟ್ಟಾ, ಪೆರಾಝಿ ಹೆಸರು ಕ್ಲೇ ಆಡುವವರ ಬಾಯಲ್ಲಿ ಸದಾ ಇರುತ್ತದೆ. ಬೆರೆಟ್ಟಾ ಮನೆತನ 1526ರಿಂದ ನಳಿಗೆ ಮಾಡುತ್ತಿದೆ. ಆದರೆ ಸಾಮಾನ್ಯ ಲೈಸೆನ್ಸ್‌ದಾರ ವಿದೇಶದಿಂದ ನೇರ ತರಿಸಿಕೊಳ್ಳುವ ಹಾಗಿಲ್ಲ. ಆ ಅನುಕೂಲ ಇರುವುದು ಅರ್ಹತೆ ಪಡೆದ ಸ್ಪರ್ಧಿಗಳಿಗೆ. ಉಳಿದವರಿಗೆ ಇಲ್ಲಿ ಈಗಾಗಲೇ ಇರುವ ಸೆಕೆಂಡ್ ಹ್ಯಾಂಡ್ ಮಾಲೇ ಗತಿ. ಇಂಥ ಮಾಲಿಗೆ ಬೇಡಿಕೆ ಇದ್ದೇ ಇರುತ್ತದೆ. ಹೆಸರಿಗೆ ದುಡ್ಡು ಸುರಿಯುವ ಮುನ್ನ ಎರಡು ಸಲ ಯೋಚಿಸಿ. ನನ್ನ ಮಟ್ಟಿಗೆ ಮೈಗೆ ಹೊಂದುವ ಸಾಧಾರಣ ಓವರ್-ಅಂಡರ್, ಹೊಂದದ ಇಟಲಿ ಬಂದೂಕಿಗಿಂತ ಸಾವಿರ ಪಾಲು ಮೇಲು.

ತೀರ್ಪು ಹೇಳಲೇಬೇಕಾದರೆ: ಕ್ಲೇ ಒಂದೇ ಉದ್ದೇಶವಾಗಿದ್ದರೆ ಓವರ್-ಅಂಡರ್, ಎರಡು ಮಾತಿಲ್ಲ. ಸ್ಪರ್ಧೆಯ ಆಸೆ ಇಲ್ಲ, ಖುಷಿಗೆ ಆಗಾಗ ಹೊಡೆಯುತ್ತೇನೆ, ಜೊತೆಗೆ ಹೊಲಕ್ಕೂ ಒಂದು ಬಂದೂಕು ಬೇಕು ಅನ್ನುವವರಿಗೆ ಪಕ್ಕಪಕ್ಕದ್ದು ಸಾಕು. ಅಂಕ ಸ್ವಲ್ಪ ಕಡಿಮೆ ಬರುತ್ತದೆ, ಅಷ್ಟೇ.

ಒಂಟಿ ನಳಿಗೆ? ಬೆಳೆ ಕಾಯಲು ಸರಿ. ಸ್ಕೀಟಿನಲ್ಲಿ ಎರಡೂ ಗೂಡಿನಿಂದ ಒಟ್ಟಿಗೆ ಬಿಲ್ಲೆ ಬರುವ ಜೋಡಿಗಳಿರುತ್ತವೆ, ಅಲ್ಲಿ ಏನು ಮಾಡುತ್ತೀರಿ? ಬಿಡಿ.

ಪಂಪು, ಸೆಮಿ ಆಟೋಮ್ಯಾಟಿಕ್

ಪಂಪ್ ಆಕ್ಷನ್ ಅಂದರೆ ಮುಂದಿನ ಹಿಡಿ ಹಿಂದೆ ಮುಂದೆ ಎಳೆದು ತೋಟೆ ತುಂಬುವ ಬಂದೂಕು. ನೋಡಲು ಗಟ್ಟಿ, ಸಿನಿಮಾದಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಆರ್ಡ್ನೆನ್ಸ್ ಕಾರ್ಖಾನೆಗಳೂ ಮಾಡಿವೆ. ಮನೆ ಕಾವಲಿಗೆ ತಗೊಂಡವರು ತಗೊಳ್ಳಲಿ. ಆದರೆ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟ್ರ್ಯಾಪು, ಸ್ಕೀಟು ಎರಡರಲ್ಲೂ ಪಂಪಿಗೆ ಪ್ರವೇಶವಿಲ್ಲ. ನಾಳೆ ಜಿಲ್ಲೆ, ರಾಜ್ಯ ಅಂತ ಆಡುವ ಆಸೆ ಇದ್ದರೆ ಇದನ್ನು ಈಗಲೇ ತಿಳಿದುಕೊಳ್ಳಿ.

ಒಂದು ಈಡಾದ ಮೇಲೆ ಮುಂದಿನ ತೋಟೆಯನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್‌ಗೆ ಆ ನಿಯಮದಲ್ಲಿ ಅವಕಾಶವಿದೆ, ಒಳಗೆ ಎರಡೇ ತೋಟೆ ಹಿಡಿಯುವ ಹಾಗೆ ಮಾಡಿಸಿದರೆ. ಒದೆತ ಕಡಿಮೆ, ಹೊಸಬರಿಗೆ, ಸಣ್ಣ ಮೈಯವರಿಗೆ ಹಿತ. ಆದರೆ ಒಂದೇ ನಳಿಗೆ ಆದ್ದರಿಂದ ಎರಡು ಈಡಿಗೂ ಒಂದೇ ಚೋಕು. ಖಾಲಿ ತೋಟೆ ಪಕ್ಕದವನ ಮೇಲೆ ಹಾರುತ್ತದೆ. ಜೋಡುನಳಿಗೆ, ಓವರ್-ಅಂಡರ್‌ನಂಥ ಮಡಚುವ ಬಂದೂಕು ತೆರೆದಿದ್ದರೆ ಖಾಲಿ ಅಂತ ದೂರದಿಂದಲೇ ಎಲ್ಲರಿಗೂ ಕಾಣುತ್ತದೆ. ಸೆಮಿಯಲ್ಲಿ ಆ ನೆಮ್ಮದಿ ಇಲ್ಲ. ಇಷ್ಟಾದರೂ ಅದೇ ಬೇಕು ಅಂದರೆ ಮುಂಗಡ ಕೊಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಯ ಲೈಸೆನ್ಸು ವಿಭಾಗದಲ್ಲಿ ಬರಹದಲ್ಲಿ ಕೇಳಿ ಉತ್ತರ ತಗೊಳ್ಳಿ. ಕಾಯ್ದೆ ಸೆಮಿ ಆಟೋಮ್ಯಾಟಿಕ್ ಆಯುಧಗಳನ್ನು ಬೇರೆ ಕಣ್ಣಿನಿಂದ ನೋಡುತ್ತದೆ.

ನಳಿಗೆಯ ಉದ್ದ, ಚೋಕು

ಚೋಕು ಅಂದರೆ ನಳಿಗೆಯ ಬಾಯಿಯನ್ನು ಸ್ವಲ್ಪ ಬಿಗಿ ಮಾಡುವುದು. ಬಿಗಿ ಜಾಸ್ತಿಯಾದಷ್ಟೂ ಚರೆ (ತೋಟೆಯೊಳಗಿನ ಸಣ್ಣ ಗುಂಡುಗಳು) ದೂರದವರೆಗೆ ಒಟ್ಟಿಗೆ ಹೋಗುತ್ತದೆ. ಹಳೇ ಲೆಕ್ಕ ಹೀಗೆ. 40 ಗಜ ದೂರದಲ್ಲಿ 30 ಇಂಚಿನ ವೃತ್ತ ಬರೆದರೆ ಫುಲ್ ಚೋಕಿನಲ್ಲಿ ನೂರಕ್ಕೆ 70 ಚರೆ ಅದರೊಳಗೆ ಬೀಳಬೇಕು. ಹಾಫ್ ಚೋಕಿನಲ್ಲಿ 60, ಇಂಪ್ರೂವ್ಡ್ ಸಿಲಿಂಡರಿನಲ್ಲಿ 50, ಏನೂ ಬಿಗಿ ಇಲ್ಲದ ಸಿಲಿಂಡರಿನಲ್ಲಿ 40. ಫುಲ್ ಮತ್ತು ಸಿಲಿಂಡರಿಗೆ ಇರುವ ವ್ಯತ್ಯಾಸ ಬರೀ ಒಂದು ಮಿಲಿಮೀಟರ್.

ಸ್ಕೀಟಿಗೆ ತೆರೆದ ಚೋಕು, ಟ್ರ್ಯಾಪಿಗೆ ಬಿಗಿ. ಸ್ಕೀಟಿನ 20 ಮೀಟರ್‌ಗೆ ಫುಲ್ ಚೋಕು ಹಾಕಿದರೆ ಚರೆಯ ಗುಂಪು ತಟ್ಟೆಯಗಲ ಆಗಿರುತ್ತದೆ. ತಾಗಿದರೆ ಬಿಲ್ಲೆ ಪುಡಿಪುಡಿ, ಇಲ್ಲವಾದರೆ ಪೂರಾ ಖಾಲಿ. ಟ್ರ್ಯಾಪಿನಲ್ಲಿ ಮೊದಲ ನಳಿಗೆಗೆ ಹಾಫ್ ಅಥವಾ ಅದಕ್ಕಿಂತ ಸ್ವಲ್ಪ ಬಿಗಿ, ಎರಡನೆಯದಕ್ಕೆ ಫುಲ್ ಅನ್ನುವುದು ವಾಡಿಕೆ. ತಿರುಪಿನಲ್ಲಿ ಬದಲಿಸುವ ಚೋಕು ಇದ್ದರೆ ಒಂದೇ ಬಂದೂಕಿನಲ್ಲಿ ಎರಡೂ ಆಟ ಆಡಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಚೋಕಿನ ಕೀಲಿ ಮತ್ತು ಎಲ್ಲ ತುಂಡೂ ಜೊತೆಗಿವೆಯಾ ನೋಡಿ. ಆಮೇಲೆ ಹುಡುಕುವುದು ತಲೆನೋವು.

ಉದ್ದ: ಟ್ರ್ಯಾಪಿಗೆ 30 ಇಲ್ಲವೇ 32 ಇಂಚು, ಸ್ಕೀಟಿಗೆ 28 ಅಥವಾ 30. ಎರಡಕ್ಕೂ ಒಂದೇ ಅನ್ನುವವರಿಗೆ 30. ಉದ್ದ ನಳಿಗೆ ತೂಗಾಡದೆ ಒಂದೇ ಸಮ ಹೋಗುತ್ತದೆ. ಇದು ಯಾಕೆ ಮುಖ್ಯ ಅಂದರೆ ಚರೆಯ ವೇಗ ಸೆಕೆಂಡಿಗೆ 400 ಮೀಟರ್ ಸುಮಾರು. ಅಡ್ಡ ಹಾಯುವ ಬಿಲ್ಲೆಯನ್ನು ತಲುಪುವಷ್ಟರಲ್ಲಿ ಅದು ಒಂದು ಮೀಟರ್‌ಗಿಂತ ಮುಂದೆ ಹೋಗಿರುತ್ತದೆ. ಬಿಲ್ಲೆಗೆ ಗುರಿಯಿಟ್ಟರೆ ಹಿಂದೆ ಬೀಳುತ್ತದೆ. ಬಿಲ್ಲೆಯ ಮುಂದೆ, ನಳಿಗೆ ನಿಲ್ಲಿಸದೆ ಹೊಡೆಯಬೇಕು. ಹಗುರವಾದ ಗಿಡ್ಡ ನಳಿಗೆ ಟ್ರಿಗರ್ ಎಳೆಯುವ ಕ್ಷಣಕ್ಕೆ ನಿಂತುಬಿಡುತ್ತದೆ.

ಮೈಗೆ ಹೊಂದುತ್ತದಾ?

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಅಂಗಡಿಯವರು ಹೇಳದೆ ಇರುವುದೂ ಇದನ್ನೇ.

ಶಾಟ್‌ಗನ್ನಿನಲ್ಲಿ ಹಿಂದಿನ ಸೈಟು ಇಲ್ಲ. ನಿಮ್ಮ ಕಣ್ಣೇ ಹಿಂದಿನ ಸೈಟು. ಚಪ್ಪಲಿ ಕೊಳ್ಳುವಾಗ ಕಾಲು ಹಾಕಿ ನೋಡದೆ ಯಾರಾದರೂ ಕೊಳ್ಳುತ್ತಾರಾ? ಬಂದೂಕನ್ನು ಮಾತ್ರ ಫೋಟೋ ನೋಡಿ ಕೊಳ್ಳುತ್ತಾರೆ. ಹಿಂಬದಿಯ ಮರ ಕೆನ್ನೆಗೆ ಒಂದು ಬೆರಳು ಎತ್ತರವೋ ತಗ್ಗೋ ಆದರೆ ಕಣ್ಣು ಅಷ್ಟೇ ಜರುಗುತ್ತದೆ. 30 ಮೀಟರ್ ಆಚೆ ಚರೆ ಎಲ್ಲೋ ಹೋಗುತ್ತದೆ.

ಪರೀಕ್ಷೆ ಸುಲಭ. ಬಂದೂಕು ತೆರೆದು ಖಾಲಿ ಅಂತ ಇಬ್ಬರು ನೋಡಿ. ಸುರಕ್ಷಿತ ದಿಕ್ಕಿಗೆ ತಿರುಗಿ. ಕಣ್ಣು ಮುಚ್ಚಿಕೊಂಡು ಬಂದೂಕು ಎತ್ತಿ ಭುಜಕ್ಕೆ, ಕೆನ್ನೆಗೆ ಕೊಡಿ. ಈಗ ಕಣ್ಣು ತೆರೆಯಿರಿ. ಮೇಲಿನ ಪಟ್ಟಿ ನೇರವಾಗಿ, ಮುಂದಿನ ಮಣಿ ಅದರ ಮಧ್ಯೆ ಕಾಣಬೇಕು. ಪಟ್ಟಿಯ ಹಿಂಭಾಗವೇ ಅಡ್ಡ ಬಂದು ಮಣಿ ಕಾಣದಿದ್ದರೆ ಮರ ನಿಮಗೆ ತಗ್ಗು. ಇಡೀ ಪಟ್ಟಿ ದಾರಿಯ ಹಾಗೆ ಉದ್ದಕ್ಕೂ ಕಂಡರೆ ಎತ್ತರ. ಟ್ರ್ಯಾಪಿಗಾದರೆ ಸ್ವಲ್ಪ ಎತ್ತರವೇ ಬೇಕು. ಬಿಲ್ಲೆ ಮೇಲೇರುತ್ತಾ ಹೋಗುವುದರಿಂದ ಬಂದೂಕೂ ಕಣ್ಣಿಟ್ಟಲ್ಲಿಗಿಂತ ಸ್ವಲ್ಪ ಮೇಲೆ ಹೊಡೆಯಬೇಕು.

ಉದ್ದವೂ ಅಷ್ಟೇ. ಬಂದೂಕು ಎತ್ತುವಾಗ ಕಂಕುಳಿಗೆ ಸಿಕ್ಕಿಕೊಂಡರೆ ಮರ ಉದ್ದವಾಯಿತು. ಹೆಬ್ಬೆರಳು ಮೂಗಿಗೆ ತೀರಾ ಹತ್ತಿರ ಬಂದು, ಒದೆತಕ್ಕೆ ಮೂಗು ಜಜ್ಜುವ ಹಾಗಿದ್ದರೆ ಗಿಡ್ಡ. ಯುರೋಪಿನ ಬಂದೂಕುಗಳು ಅಲ್ಲಿಯ ಆಳುಗಳ ಅಳತೆಗೆ ಮಾಡಿದವು. ಐದೂವರೆ ಅಡಿಯ ನಮ್ಮ ಹುಡುಗರಿಗೆ, ಅದಕ್ಕಿಂತ ಹೆಚ್ಚಾಗಿ ಹುಡುಗಿಯರಿಗೆ ಅವು ಉದ್ದವೇ ಆಗುವುದು. ಮರ ಕತ್ತರಿಸಿ ಸರಿ ಮಾಡಬಹುದು. ಆದರೆ ಲೈಸೆನ್ಸು ಇರುವ ರಿಪೇರಿಯವರ ಹತ್ತಿರವೇ ಮಾಡಿಸಿ. ಊರಿನ ಬಡಗಿ ಎಷ್ಟೇ ಜಾಣನಾಗಿರಲಿ, ಅವನ ಕೈಗೆ ಕೊಡಬೇಡಿ. ಇನ್ನು ನಳಿಗೆ ಕತ್ತರಿಸುವ ಯೋಚನೆ ಕನಸಿನಲ್ಲೂ ಬೇಡ. ಅದಕ್ಕೆ ಆಯುಧ ಕಾಯ್ದೆಯಲ್ಲಿ ಬೇರೆಯೇ ಕಲಮು ಇದೆ.

ಕಣ್ಣಿನದೂ ಒಂದು ಮಾತು. ದೂರದ ಒಂದು ಕಂಬವನ್ನು ಎರಡೂ ಕಣ್ಣು ತೆರೆದು ಬೆರಳಿನಿಂದ ತೋರಿಸಿ. ಈಗ ಎಡಗಣ್ಣು ಮುಚ್ಚಿ. ಬೆರಳು ಕಂಬದ ಮೇಲೇ ಇದ್ದರೆ ಬಲಗಣ್ಣು ಯಜಮಾನ. ಪಕ್ಕಕ್ಕೆ ನೆಗೆದರೆ ಎಡಗಣ್ಣು. ಬಲಗೈಯವರಿಗೆ ಎಡಗಣ್ಣು ಯಜಮಾನ ಆಗಿದ್ದರೆ ಬಂದೂಕು ಕೊಳ್ಳುವ ಮೊದಲೇ ಕೋಚ್ ಹತ್ತಿರ ಮಾತಾಡಿ. ಎಡಭುಜಕ್ಕೆ ಕಲಿಯಬೇಕೋ, ಕನ್ನಡಕದ ಗಾಜಿಗೆ ಟೇಪು ಅಂಟಿಸಬೇಕೋ ಅನ್ನುವುದು ಗೊತ್ತಾಗುತ್ತದೆ. ಕೆಲವು ಬಂದೂಕಿನ ಮರ ಬಲಗೈಯವರಿಗೆಂದೇ ಬಾಗಿರುತ್ತದೆ.

ತಾತನ ಕೋವಿ

ಅಟ್ಟದ ಪೆಟ್ಟಿಗೆಯಲ್ಲಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟ ಕೋವಿ ಇರುವ ಮನೆಗಳು ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ, ನಮ್ಮ ಈ ಮೂರೂ ಜಿಲ್ಲೆಯಲ್ಲಿವೆ. ಅದರ ಮೇಲೆ ಪ್ರೀತಿ ಇರಲಿ. ಆದರೆ ಈಗಿನ ತೋಟೆ ಹಾಕುವ ಮೊದಲು ಮೂರು ವಿಷಯ ನೋಡಿಸಲೇಬೇಕು.

ನಳಿಗೆ ಯಾವುದು? ಮೇಲೆ ಕೂದಲೆಳೆಯಂಥ, ಸುರುಳಿ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್ ನಳಿಗೆ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಸುತ್ತಿ ಬೆಸೆದದ್ದು. ಕಪ್ಪು ಮದ್ದಿನ ಕಾಲಕ್ಕೆ ಮಾಡಿದ್ದು. ಒಳಗೆ ತುಕ್ಕು ಎಲ್ಲಿ ತಿಂದಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಈಗಿನ ತೋಟೆಯ ಒತ್ತಡಕ್ಕೆ ಎಡಗೈ ಹಿಡಿದ ಜಾಗದಲ್ಲೇ ಸಿಡಿಯಬಹುದು. ಅದನ್ನು ಗೋಡೆಗೆ ಬಿಡಿ.

ಕೋಣೆ ಎಷ್ಟು ಉದ್ದ? ಹಳೇ ಇಂಗ್ಲಿಷ್ ಕೋವಿಗಳ ತೋಟೆ ಕೂರುವ ಜಾಗ 65 ಮಿಲಿಮೀಟರ್. ಈಗಿನ ತೋಟೆ ಸಾಮಾನ್ಯವಾಗಿ 70. ತಮಾಷೆ ಅಂದರೆ ಅದು ಒಳಗೆ ಹೋಗುತ್ತದೆ, ಬಾಗಿಲೂ ಮುಚ್ಚುತ್ತದೆ. ಯಾಕೆಂದರೆ 70 ಅನ್ನುವುದು ಬಾಯಿ ಬಿಚ್ಚಿದ ಮೇಲಿನ ಅಳತೆ. ಹೊಡೆದಾಗ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ‘ಕೂತಿತಲ್ಲ, ಸರಿ ಇದೆ’ ಅನ್ನುವುದು ಪರೀಕ್ಷೆಯೇ ಅಲ್ಲ. ನಳಿಗೆಯ ಕೆಳಗೆ ಕೊರೆದಿರುವ ಪ್ರೂಫ್ ಮುದ್ರೆಯನ್ನು (ನಳಿಗೆಯನ್ನು ಪರೀಕ್ಷಿಸಿ ಹಾಕಿದ ಗುರುತು) ಬಲ್ಲವರಿಂದ ಓದಿಸಿ.

ಸಡಿಲವಾಗಿದೆಯಾ? ಮುಂದಿನ ಹಿಡಿಮರ ಬಿಚ್ಚಿ, ಕೋವಿ ಮುಚ್ಚಿ, ಮೆಲ್ಲಗೆ ಅಲುಗಾಡಿಸಿ. ನಳಿಗೆಗೂ ಹಿಂಭಾಗಕ್ಕೂ ನಡುವೆ ಟಕಟಕ ಅಂದರೆ ರಿಪೇರಿ ಬೇಕು. ನಳಿಗೆಯೊಳಗೆ ಬೆಳಕಿಗೆ ಹಿಡಿದು ನೋಡಿ, ಗುಳಿ, ಉಬ್ಬು ಇವೆಯಾ ಅಂತ. ದಾರದಲ್ಲಿ ತೂಗುಹಾಕಿ ಬೆರಳಿನಿಂದ ತಟ್ಟಿದರೆ ಒಳ್ಳೆಯ ಜೋಡುನಳಿಗೆ ಗಂಟೆಯ ಹಾಗೆ ಮೊಳಗುತ್ತದೆ. ಡಬ್ಬದ ಸದ್ದು ಬಂದರೆ ಬೆಸುಗೆ ಬಿಟ್ಟಿದೆ.

ಮೂರರಲ್ಲೂ ಪಾಸಾದರೆ ಖುಷಿಯಾಗಿ ಹಗುರ ತೋಟೆ ಹಾಕಿ ಸ್ಕೀಟಿನ ಹತ್ತಿರದ ಬಿಲ್ಲೆ ಹೊಡೆಯಬಹುದು. ಸ್ಪರ್ಧೆಗೆ ಬೇಡ. ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯ ಮಾತಂತೂ ಬೇಡವೇ ಬೇಡ.

ಕಾಗದದ ವಿಷಯವೂ ಇದೆ. ತಾತ ತೀರಿಹೋಗಿ ಲೈಸೆನ್ಸು ಅವರ ಹೆಸರಿನಲ್ಲೇ ಇದ್ದರೆ ಆ ಕೋವಿ ಮನೆಯಲ್ಲಿರುವುದೇ ತಪ್ಪು. ಠಾಣೆಗೋ ಡೀಲರ್ ಹತ್ತಿರವೋ ಒಪ್ಪಿಸಿ, ವಾರಸುದಾರರು ಅರ್ಜಿ ಹಾಕಬೇಕು. ತಾತ ಬದುಕಿರುವಾಗಲೇ ಮಾಡಿಸುವುದು ಸುಲಭ. 2016ರ ನಿಯಮದಲ್ಲಿ ದಾರಿ ಇದೆ. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ ಅಥವಾ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಯಾವುದು ಮೊದಲೋ ಆಗ, ವಾರಸುದಾರರ ಹೆಸರಿಗೆ ಕೇಳಬಹುದು.

ತೋಟೆಯ ಲೆಕ್ಕ

ಬಂದೂಕು ಒಂದು ಸಲದ ಖರ್ಚು, ತೋಟೆ ದಿನದ ಖರ್ಚು. ಇದನ್ನು ಮೊದಲು ಕೂತು ಲೆಕ್ಕ ಹಾಕಿದವರು ಕಡಿಮೆ.

ಸ್ಪರ್ಧೆಯ ತೋಟೆಯಲ್ಲಿ ಚರೆಯ ತೂಕ 24 ಗ್ರಾಂ ಮೀರಬಾರದು. ಒಂದೊಂದು ಚರೆ 2.6 ಮಿಲಿಮೀಟರ್ ಮೀರಬಾರದು. ಚರೆಯ ನಂಬರು ಏರಿದಷ್ಟೂ ಚರೆ ಸಣ್ಣದು; ಟ್ರ್ಯಾಪಿಗೆ ಏಳೂವರೆ ನಂಬರು, ಸ್ಕೀಟಿಗೆ ಒಂಬತ್ತು ನಡೆಯುತ್ತದೆ. ಪುಣೆಯ ಖಡಕಿ ಕಾರ್ಖಾನೆಯ ಶಕ್ತಿಮಾನ್ ತೋಟೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಅಂಗಡಿಗಳಲ್ಲಿ ಜಾಸ್ತಿ ಕೇಳುವುದು ದಪ್ಪ ಚರೆಯವು, ಎಲ್‌ಜಿ, ಎಸ್‌ಜಿ. ಅವು ಕ್ಲೇಗೆ ಅಲ್ಲ. ಏಳೂವರೆ ನಂಬರಿನ ಚರೆ 200 ಮೀಟರ್ ಹೋಗುವಷ್ಟರಲ್ಲಿ ಸುಸ್ತಾಗಿ ಬೀಳುತ್ತದೆ. ಎಲ್‌ಜಿ ಗುಂಡು ಅರ್ಧ ಕಿಲೋಮೀಟರ್ ದಾಟಿಯೂ ಹೋಗಬಲ್ಲದು. ಪಕ್ಕದ ಹೊಲದಲ್ಲಿ ಯಾರಿದ್ದಾರೋ ಯಾರಿಗೆ ಗೊತ್ತು?

ಈಗ ಎಣಿಸಿ. ಟ್ರ್ಯಾಪಿನ ಒಂದು ಸುತ್ತಿಗೆ 25 ಬಿಲ್ಲೆ, ಎರಡೆರಡು ಈಡು ಹೊಡೆದರೆ 50 ತೋಟೆ. ವಾರಕ್ಕೆ ಎರಡು ಸುತ್ತು ಆಡುವವರ ತಿಂಗಳ ಲೆಕ್ಕ ನೀವೇ ಹಾಕಿ. ನಿಮ್ಮ ಲೈಸೆನ್ಸು ಪುಸ್ತಕದಲ್ಲಿ ವರ್ಷಕ್ಕೆ ಇಷ್ಟು, ಒಂದು ಸಲಕ್ಕೆ ಇಷ್ಟು ಅಂತ ತೋಟೆಯ ಮಿತಿ ಬರೆದಿರುತ್ತದೆ. ಬೆಳೆ ರಕ್ಷಣೆ, ಆತ್ಮರಕ್ಷಣೆಯ ಲೈಸೆನ್ಸಿನ ಮಿತಿ ಕ್ಲೇಗೆ ಏನೇನೂ ಸಾಲದು. ಕ್ರೀಡಾಪಟುಗಳಿಗೆ ಮಿತಿ ಬೇರೆ. ಅದಕ್ಕೆ ಸಂಘದ ಸದಸ್ಯತ್ವ, ಸ್ಪರ್ಧೆಯಲ್ಲಿ ಬಂದ ಅಂಕ ಎಲ್ಲ ಬೇಕಾಗುತ್ತದೆ. ಅದಕ್ಕೇ ಹೇಳುವುದು, ಸಂಘ ಮೊದಲು, ಬಂದೂಕು ಆಮೇಲೆ.

ಮನೆಯಲ್ಲಿ ಅಭ್ಯಾಸ ಮಾಡಲು ಸ್ನ್ಯಾಪ್ ಕ್ಯಾಪ್ ಅನ್ನುವ ಡಮ್ಮಿ ತೋಟೆ ಸಿಗುತ್ತದೆ. ಗೋಡೆ-ಸೀಲಿಂಗು ಸೇರುವ ಗೆರೆಯ ಉದ್ದಕ್ಕೂ ನಳಿಗೆ ಓಡಿಸುತ್ತಾ ಬಂದೂಕು ಎತ್ತುವುದನ್ನು ಅಭ್ಯಾಸ ಮಾಡಬಹುದು. ಪೈಸೆ ಖರ್ಚಿಲ್ಲ, ಫಲ ಜಾಸ್ತಿ.

ಸ್ವಂತ ಹೊಲದಲ್ಲಿ ಬಿಲ್ಲೆ ಎಸೆಸಿಕೊಂಡು ಹೊಡೆಯಬಹುದಾ ಅಂತ ಕೇಳುತ್ತಾರೆ. ರೇಂಜಿಗೆ ಬೇರೆ ಅನುಮತಿ ಬೇಕು, ಹಾಗಾಗಿ ಬೇಡ. ಇನ್ನೊಂದು ಕಾರಣ ನಮ್ಮ ಕೆರೆಗಳು. ಸೀಸದ ಚರೆ ಕೆರೆಯಂಗಳದಲ್ಲಿ ಬಿದ್ದರೆ ನೀರಹಕ್ಕಿಗಳು ಅದನ್ನು ಕಲ್ಲಿನ ಹರಳು ಅಂತ ನುಂಗಿ ವಿಷವೇರಿ ಸಾಯುತ್ತವೆ. ಶಿರಾದ ಕಗ್ಗಲಡುವಿನ ಜನ ಬಣ್ಣದ ಕೊಕ್ಕರೆಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ. ಆ ಕೊಕ್ಕರೆಗಳು ಮೇಯುವುದು ಸುತ್ತಲಿನ ಕೆರೆಗಳಲ್ಲೇ.

ಕಾಗದಪತ್ರ, ಚುರುಕಾಗಿ

ವಯಸ್ಸು 21 ಆಗಿರಬೇಕು. ಅರ್ಜಿ ಜಿಲ್ಲಾಧಿಕಾರಿಗೆ, ಪೊಲೀಸ್ ವರದಿ ಬರುತ್ತದೆ, ಬಂದೂಕು ಬಳಸುವ ತರಬೇತಿಯ ಸರ್ಟಿಫಿಕೇಟ್ ಕೇಳುತ್ತಾರೆ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸು ಐದು ವರ್ಷಕ್ಕೆ. ಅದೇ ತಿದ್ದುಪಡಿ ಸಾಮಾನ್ಯ ಲೈಸೆನ್ಸ್‌ದಾರರ ಬಂದೂಕಿನ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ತಾತನದು ಒಂದು, ಹೊಲದ್ದು ಒಂದು ಈಗಾಗಲೇ ಇದ್ದರೆ ಕ್ಲೇಗೆ ಜಾಗವಿಲ್ಲ. ಯಾವುದನ್ನು ಬಿಡಬೇಕು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಜಾತ್ರೆ, ಮದುವೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಗೂ ಅದೇ ತಿದ್ದುಪಡಿ ಎರಡು ವರ್ಷದವರೆಗೆ ಜೈಲು ಇಟ್ಟಿದೆ.

ಎಲೆಕ್ಷನ್ ಬಂದಾಗ ಬಂದೂಕು ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಸ್ಪರ್ಧೆಗೆ ಹೋಗುವವರು ಸಂಘದ ಪತ್ರ ಇಟ್ಟುಕೊಂಡು ವಿನಾಯಿತಿ ಕೇಳಬಹುದು. ಒಪ್ಪಿಸಲೇಬೇಕಾದರೆ ನಳಿಗೆಯ ಒಳಗೂ ಹೊರಗೂ ಎಣ್ಣೆ ಸವರಿ, ಬಟ್ಟೆ ಚೀಲದಲ್ಲಿ ಹಾಕಿ, ನಂಬರು ಬರೆದ ರಸೀದಿ ತಗೊಂಡು ಕೊಡಿ. ಸ್ಪಂಜಿನ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡಬೇಡಿ. ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ, ತಿಂಗಳೆರಡು ಕಳೆದರೆ ನಳಿಗೆಗೆ ತುಕ್ಕಿನ ಚುಕ್ಕೆ ಬಂದಿರುತ್ತದೆ. ವಾಪಸ್ ತಂದ ದಿನವೇ ಬಿಚ್ಚಿ, ಒಣಬಟ್ಟೆ ಹಾಯಿಸಿ, ನಳಿಗೆಯೊಳಗೆ ಏನೂ ಸಿಕ್ಕಿಕೊಂಡಿಲ್ಲ ಅಂತ ಬೆಳಕಿಗೆ ಹಿಡಿದು ನೋಡಿ. ಅದಾದ ಮೇಲೆಯೇ ರೇಂಜಿಗೆ ಒಯ್ಯಿರಿ.